ಉಪ್ಪಿನಕಾಯಿ ಜಾಡಿಯ ಹಿಂದೆ 14 ಬಾಟಲಿ: ತುಮಕೂರಿನ ಒಂದು ಪ್ರಕರಣ

ಮಾರ್ಚ್ ಕೊನೆಯ ಭಾನುವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. "ಈಗ್ಲೇ ಬಾರೋ. ಫೋನಲ್ಲಿ ಹೇಳೋ ವಿಷಯ ಅಲ್ಲ" ಅಂದಳು. ಅವಳ ಮನೆ ತುಮಕೂರಿನ ಎಸ್.ಎಸ್. ಪುರಂನಲ್ಲಿ, ನಮ್ಮದು ಬಟವಾಡಿಯಲ್ಲಿ. ಹೋಗಿ ನೋಡಿದರೆ ಅಡುಗೆಮನೆ ಕಟ್ಟೆಯ ಮೇಲೆ ಬೆರಳುದ್ದದ ಬಾಟಲಿಗಳು ಸಾಲಾಗಿ ನಿಂತಿದ್ದವು. ಎಣಿಸಿದೆ, 14.

ಹೊಸ ಮಾವಿನಕಾಯಿ ಬರುವ ಮೊದಲು ಜಾಡಿ ತೊಳೆದು ಬಿಸಿಲಿಗಿಡೋಣ ಅಂತ ಅವಳು ಉಗ್ರಾಣದ ಗೂಡಿಗೆ ಕೈ ಹಾಕಿದ್ದಳು. ಜಾಡಿಯ ಹಿಂದೆ ಒಂದು ಶೂ ಡಬ್ಬಿ. ಅದರೊಳಗೆ ಈ ಬಾಟಲಿಗಳು. ಪ್ರತಿಯೊಂದಕ್ಕೂ ಬಿಳಿ ಟೇಪ್ ಅಂಟಿಸಿ, ಪೆನ್ನಿನಲ್ಲಿ ತಾರೀಕು ಬರೆದಿತ್ತು. ಮೊದಲು ಕೆಮ್ಮಿನ ಔಷಧಿ ಅಂದುಕೊಂಡಳಂತೆ. ಆಮೇಲೆ ಡ್ರಗ್ಸ್ ಇರಬಹುದಾ ಅಂತ ಎದೆ ಧಸಕ್ ಅಂದಿದೆ. ಡಬ್ಬಿ ಕೆಳಗಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಮೂರು ವರ್ಷದ ಮೊಮ್ಮಗಳು ಒಂದು ಬಾಟಲಿ ಹಿಡಿದು ನಿಂತಿದ್ದಾಳೆ. "ಅಜ್ಜಿ, ಮಾವಿನಹಣ್ಣು" ಅಂದಿದ್ದಾಳೆ.

ನಾನು ಇಲ್ಲೇ ಒಂದು ಪಿಯು ಕಾಲೇಜಿನಲ್ಲಿ 19 ವರ್ಷದಿಂದ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೇನೆ. ಒಂದು ಬಾಟಲಿಯ ಮುಚ್ಚಳ ತೆಗೆದು, ಕೈಯಿಂದ ಗಾಳಿ ಬೀಸಿಕೊಂಡು ದೂರದಿಂದ ಮೂಸಿದೆ. ವೆನಿಲಾ, ಬೆಣ್ಣೆ, ಸ್ವಲ್ಪ ಆಲ್ಕೋಹಾಲ್. ಬಾಟಲಿ ಓರೆ ಮಾಡಿದರೆ ಗುಳ್ಳೆ ಜೇನಿನಲ್ಲಿ ಏಳುವ ಹಾಗೆ ನಿಧಾನಕ್ಕೆ ಎದ್ದಿತು. ಡ್ರಗ್ಸ್ ಅಲ್ಲ, ವೇಪ್ ಲಿಕ್ವಿಡ್, ಅಂದರೆ ಇ-ಸಿಗರೇಟಿನಲ್ಲಿ ಬಿಸಿ ಮಾಡಿ ಆವಿಯಾಗಿ ಎಳೆಯುವ ದ್ರವ. ಅಕ್ಕನ ಮಗನದು.

ಅವನಿಗೆ 27 ವರ್ಷ. ಇದನ್ನು ಬರೆಯುವುದಕ್ಕೆ ಅವನೇ ಒಪ್ಪಿದ್ದಾನೆ, ಹೆಸರು ಮಾತ್ರ ಬೇಡ ಅಂದ. ಹಾಗಾಗಿ ಹುಡುಗ ಅಂತಲೇ ಕರೆಯುತ್ತೇನೆ.

ಹುಡುಗನ ಕಥೆ

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಸಿಗರೇಟು ಶುರುವಾಯಿತು. ಓದಲು ಇಂಗ್ಲೆಂಡಿಗೆ ಹೋದಾಗ ದಿನಕ್ಕೆ 12ರವರೆಗೆ ಹೋಗಿತ್ತು. ಅಲ್ಲಿ ಸಿಗರೇಟು ಬಿಡುವವರಿಗೆ ವೇಪ್ ಒಂದು ದಾರಿ ಅಂತ ಸರ್ಕಾರಿ ಆರೋಗ್ಯ ಸೇವೆಯೇ ಹೇಳುತ್ತದೆ. ಹುಡುಗ ಹಾಗೇ ಸಿಗರೇಟು ಬಿಟ್ಟ. ಅದು ಸಣ್ಣ ಕೆಲಸ ಅಲ್ಲ, ಅವನನ್ನು ಬೈಯುವ ಮೊದಲು ನಾನು ಇದನ್ನು ನೆನಪಿಟ್ಟುಕೊಳ್ಳಬೇಕಿತ್ತು. ಅಲ್ಲಿನ ಕಾನೂನಿನಲ್ಲಿ ನಿಕೋಟಿನ್ ಇರುವ ಬಾಟಲಿ 10 ಮಿಲಿಗಿಂತ ದೊಡ್ಡದಿರುವಂತಿಲ್ಲ. ಒಂದು ಮಿಲಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ನಿಕೋಟಿನ್ ಇರುವಂತಿಲ್ಲ. ಮಕ್ಕಳು ತೆಗೆಯಲಾಗದ ಮುಚ್ಚಳ ಇರಲೇಬೇಕು.

ಊರಿಗೆ ಬಂದ ಮೇಲೆ ಕಥೆ ಬೇರೆ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಲ್ಲಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರದ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ಜಾಹೀರಾತು ಎಲ್ಲಕ್ಕೂ ನಿಷೇಧ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಟ್ಟರೆ 6 ತಿಂಗಳವರೆಗೆ ಜೈಲು, ಇಲ್ಲವೇ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಕೋಟಿನ್ ಇಲ್ಲದ ಲಿಕ್ವಿಡ್ ಬಿಸಿ ಮಾಡಿ ಎಳೆಯುವ ಸಾಧನವೂ ಈ ಕಾಯ್ದೆಯೊಳಗೇ ಬರುತ್ತದೆ. "ನಾನು ಯಾರಿಗೂ ಮಾರಲ್ಲ ಮಾವ, ನನಗೋಸ್ಕರ ಅಷ್ಟೇ" ಅಂದ ಹುಡುಗ. ಸೂಟ್‌ಕೇಸಿನಲ್ಲಿ ತಂದದ್ದೂ ಆಮದೇ, ಮನೆಯಲ್ಲಿ ಬೆರೆಸಿದ್ದೂ ತಯಾರಿಕೆ ಅನ್ನಿಸಿಕೊಳ್ಳಬಹುದು ಅಂತ ಅವನಿಗೆ ಹೊಳೆದೇ ಇರಲಿಲ್ಲ.

ತಂದದ್ದು ನಾಲ್ಕು ತಿಂಗಳಿಗೆ ಮುಗಿಯಿತು. ಆಮೇಲೆ ತಾನೇ ಬೆರೆಸಲು ಶುರು ಮಾಡಿದ. ಗ್ಲಿಸರಿನ್ ಮೆಡಿಕಲ್ ಶಾಪಿನದು. ಪರಿಮಳಕ್ಕೆ ಬೇಕರಿ ಸಾಮಾನಿನ ಅಂಗಡಿಯಿಂದ ಕೇಕಿಗೆ ಹಾಕುವ ಎಸೆನ್ಸ್. ನಿಕೋಟಿನ್ ಮಾತ್ರ ಗೆಳೆಯನ ಗೆಳೆಯನಿಂದ, ಚೀಟಿಯಿಲ್ಲದ ಬಾಟಲಿಯಲ್ಲಿ. ಅದರಲ್ಲಿ ಎಷ್ಟಿದೆ ಅನ್ನುವುದು ಬಾಯಿಮಾತು.

ಹಾಗೆ ಬೆರೆಸಿದ್ದು ಅವನಿಗೆ ಇಂಗ್ಲೆಂಡಿನ ರುಚಿ ಕೊಡಲಿಲ್ಲ. ಗಂಟಲು ಕೆರೆಯಿತು, ಎಸೆನ್ಸಿನ ಘಾಟು ಬಂತು. ಅಲ್ಲಿ ಗೆಳೆಯರು ಹೇಳಿಕೊಟ್ಟಿದ್ದ ಉಪಾಯ ಆಗ ನೆನಪಾಯಿತು. ಬೆರೆಸಿದ ಲಿಕ್ವಿಡನ್ನು ಕತ್ತಲಲ್ಲಿ ವಾರಗಟ್ಟಲೆ ಇಟ್ಟು ಮಾಗಿಸುವುದು. ಅವರ ಮಾತಿನಲ್ಲಿ ಸ್ಟೀಪಿಂಗ್. ಶೂ ಡಬ್ಬಿ ಗೂಡು ಸೇರಿದ್ದು ಹೀಗೆ.

ಇಟ್ಟರೆ ನಿಜಕ್ಕೂ ರುಚಿ ಬರುತ್ತಾ?

ಹುಡುಗನ ಜೊತೆ ಅವತ್ತು ಜಗಳ ಆಡಿದ್ದರೆ ಅವನು ಡಬ್ಬಿಯ ಜಾಗ ಬದಲಾಯಿಸುತ್ತಿದ್ದ, ಅಷ್ಟೇ. ಅವನು ಕೇಳಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. "ಅಮ್ಮನ ಉಪ್ಪಿನಕಾಯಿ ಮೂರು ತಿಂಗಳು ಇಟ್ಟರೆ ರುಚಿ, ಇದು ಇಟ್ಟರೆ ಯಾಕೆ ತಪ್ಪು ಮಾವ?" ನ್ಯಾಯವಾದ ಪ್ರಶ್ನೆ. ಅದಕ್ಕೆ ನ್ಯಾಯವಾದ ಉತ್ತರವೇ ಕೊಡಬೇಕು ಅನ್ನಿಸಿತು.

ನಮ್ಮ ತಾಯಿಯ ತವರು ತಿಪಟೂರಿನ ಹತ್ತಿರ. ಇಟ್ಟು ಮಾಗಿಸುವುದು ಅಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಅಲ್ಲಿಯ ಅಟ್ಟ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಇಂಗುತ್ತದೆ. ಕಾಯಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಅದೇ ಉಂಡೆ ಕೊಬ್ಬರಿ. ಆದರೆ ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು. ಗಾಳಿ ಹೋಗುತ್ತದೆ, ಬೂಸ್ಟು ಹಿಡಿಯುತ್ತದೆ, ಎಣ್ಣೆ ಕಮಟುತ್ತದೆ. ಅದೇ ಅಟ್ಟ, ಅದೇ ಹನ್ನೊಂದು ತಿಂಗಳು. ಒಂದು ಮಾಗಿತು, ಇನ್ನೊಂದು ಕಮಟಿತು. ಹುಡುಗನ ಬಾಟಲಿಗಳಲ್ಲಿ ನಡೆದದ್ದು ಯಾವುದು? ನಾನು ಹುಡುಕಬೇಕಿದ್ದದ್ದು ಇಷ್ಟೇ.

ವೇಪ್ ಲಿಕ್ವಿಡ್ ಅಂದರೆ ಮುಖ್ಯವಾಗಿ ಎರಡು ದ್ರವ. ಪ್ರೊಪಿಲೀನ್ ಗ್ಲೈಕಾಲ್ ತೆಳು, ಪರಿಮಳವನ್ನು ಚೆನ್ನಾಗಿ ಕರಗಿಸಿಕೊಳ್ಳುತ್ತದೆ. ಗ್ಲಿಸರಿನ್ ಮಂದ, ಹೊಗೆಯಂತೆ ಕಾಣುವ ಆವಿ ಜಾಸ್ತಿ ಕೊಡುತ್ತದೆ. 20 ಡಿಗ್ರಿ ಬಿಸಿಯಲ್ಲಿ ಗ್ಲಿಸರಿನ್ ನೀರಿಗಿಂತ ಸುಮಾರು 1,400 ಪಟ್ಟು ಮಂದ. ಇದನ್ನು ಹುಡುಗನಿಗೆ ಕಣ್ಣಾರೆ ತೋರಿಸಿದೆ. ಒಂದು ಗಾಜಿನ ನಳಿಕೆಗೆ ಗ್ಲಿಸರಿನ್ ಹಾಕಿ, ಮೇಲಿಂದ ಬಣ್ಣದ ಎಸೆನ್ಸ್ ನಾಲ್ಕು ಹನಿ ಬಿಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡಿದರೆ, ಬಿಸಿನೀರಿನಲ್ಲಿ ಬೆಲ್ಲ ಕರಗುವಾಗ ಏಳುತ್ತದಲ್ಲ, ಅಂಥ ಎಳೆಗಳು ಕಂಡವು. ಹಾಗೇ ನಿಲ್ಲಿಸಿಟ್ಟೆವು. ಮಾರನೇ ದಿನ ಬೆಳಿಗ್ಗೆಯೂ ಮೇಲೆ ಕೆಂಪು, ಕೆಳಗೆ ಬಿಳಿ. ಮೂರನೇ ದಿನಕ್ಕೂ ಗೆರೆ ಪೂರ್ತಿ ಅಳಿಸಿರಲಿಲ್ಲ. ಇನ್ನೊಂದು ನಳಿಕೆಯನ್ನು ಬಿಸಿನೀರಿನ ಲೋಟದಲ್ಲಿಟ್ಟು ಹತ್ತು ನಿಮಿಷ ಕುಲುಕಿದೆ. ಒಂದೇ ಬಣ್ಣ ಆಯಿತು.

ಅಂದರೆ ಮಾಗುವುದು ಅಂತ ಅವರು ಹೇಳುವುದರಲ್ಲಿ ಮೊದಲ ಪಾಲು ಬರೀ ಬೆರೆಯುವುದು. ಎಳೆಗಳು ಉಳಿದಿದ್ದರೆ ಒಂದು ಸಲ ಘಾಟು, ಇನ್ನೊಂದು ಸಲ ಸಪ್ಪೆ. ಎರಡನೇ ಪಾಲು ಆಲ್ಕೋಹಾಲ್ ಹಾರಿಹೋಗುವುದು. ಎಷ್ಟೋ ಎಸೆನ್ಸುಗಳನ್ನು ಆಲ್ಕೋಹಾಲಿನಲ್ಲಿ ಕರಗಿಸಿರುತ್ತಾರೆ. ಮುಚ್ಚಳ ಸಡಿಲ ಬಿಟ್ಟರೆ ಅದು ಹೋಗುತ್ತದೆ, ಮೂಗಿಗೆ ಚುಚ್ಚುವುದು ಕಮ್ಮಿಯಾಗುತ್ತದೆ. ಬಾಟಲಿಗೆ ಉಸಿರಾಡಲು ಬಿಡುವುದು ಅಂತ ಇದಕ್ಕೆ ಅವರಲ್ಲಿ ಹೆಸರು. ಈ ಎರಡೂ ಸುಳ್ಳಲ್ಲ. ಮೂರನೆಯದು ರಾಸಾಯನಿಕ ಬದಲಾವಣೆ. ಕಷ್ಟ ಇರುವುದು ಅಲ್ಲಿ.

ಮೂರು ಕಾಗದದ ಪರೀಕ್ಷೆ

14ರಲ್ಲಿ 5 ಬಾಟಲಿಗಳಿಗೆ ಹುಡುಗ ಇನ್ನೂ ನಿಕೋಟಿನ್ ಹಾಕಿರಲಿಲ್ಲ. ಪರೀಕ್ಷೆಗೆ ಅವುಗಳನ್ನು ಮಾತ್ರ ತೆಗೆದುಕೊಂಡೆವು. ಎಳೆಯುವುದಿಲ್ಲ, ಬಾಯಿಗಿಡುವುದಿಲ್ಲ, ಬರೀ ಮೂಸುವುದು ಅಂತ ಮೊದಲೇ ಮಾತಾಯಿತು. ಆರು ವಾರ ಇಟ್ಟ ಮಾವಿನದು ಒಂದು, ಆರು ವಾರ ಇಟ್ಟ ವೆನಿಲಾ ಕಸ್ಟರ್ಡ್ ಒಂದು. ಅದೇ ಎಸೆನ್ಸುಗಳಿಂದ, ಅದೇ ಅಳತೆಯಲ್ಲಿ ಅವತ್ತೇ ಬೆರೆಸಿದ ಎರಡು.

ಫಿಲ್ಟರ್ ಪೇಪರನ್ನು ಸಣ್ಣ ಪಟ್ಟಿ ಮಾಡಿ ಮೂರು ಪಟ್ಟಿಗೆ ಒಂದೊಂದು ಹನಿ. ಎರಡಕ್ಕೆ ಒಂದೇ ಲಿಕ್ವಿಡ್, ಮೂರನೆಯದಕ್ಕೆ ಬೇರೆ. ಹಿಂದೆ ನಂಬರ್ ಬರೆದು ಕಲಸಿ ಇಟ್ಟಾಗ ಮೂಸುವವರು ಬೇರೆಯದು ಯಾವುದು ಅಂತ ಹೇಳಬೇಕು. ಸುಮ್ನೆ ಊಹಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಆರು ಸುತ್ತಿನಲ್ಲಿ ಎರಡು ಸರಿ ಬಂದರೆ ಏನೂ ಗೊತ್ತಾಗಿಲ್ಲ ಅಂತಲೇ ಲೆಕ್ಕ. ಆಹಾರದ ಕಂಪನಿಗಳಲ್ಲಿ ಇದು ಹಳೇ ಪದ್ಧತಿ. ಹುಡುಗ, ಅಕ್ಕ, ನಾನು ಮೂವರೂ ಕೂತೆವು. ಅಕ್ಕನನ್ನು ಸೇರಿಸಿದ್ದು ಸುಮ್ನೆ ಅಲ್ಲ. ಜಾಡಿಯ ಮುಚ್ಚಳ ತೆಗೆದ ತಕ್ಷಣ ಉಪ್ಪು ಕಮ್ಮಿ ಬಿದ್ದಿದೆ ಅಂತ ಹೇಳುವ ಮೂಗು ಅವಳದು.

ಮಾವಿನದರಲ್ಲಿ ಹುಡುಗ 6ಕ್ಕೆ 2, ಅಕ್ಕ 2, ನಾನು 3. ಊಹೆ ಅಷ್ಟೇ. ಆರು ವಾರ ಕಾದದ್ದಕ್ಕೆ ಏನೂ ಆಗಿರಲಿಲ್ಲ. ಹುಡುಗ ಪಟ್ಟಿಗಳನ್ನು ತಿರುಗಿಸಿ ತಿರುಗಿಸಿ ನಂಬರ್ ನೋಡಿದ, ನಂಬಲಿಲ್ಲ, ಇನ್ನೊಮ್ಮೆ ಮಾಡಿಸಿದ. ಮತ್ತೆ 2. ಹಣ್ಣಿನ ಪರಿಮಳಗಳು ಬೇಗ ಸಿದ್ಧ ಅಂತ ಸ್ಟೀಪಿಂಗ್ ಮಾಡುವವರೇ ಹೇಳುತ್ತಾರೆ, ಇದು ಅದಕ್ಕೆ ಹೊಂದಿತು.

ವೆನಿಲಾ ಕಸ್ಟರ್ಡ್ ಬೇರೆಯೇ ಆಯಿತು. ಹುಡುಗ 5, ನಾನು 5, ಅಕ್ಕ 6ಕ್ಕೆ 6. ಹೊಸದನ್ನು ಬಿಸಿನೀರಿನಲ್ಲಿಟ್ಟು ಚೆನ್ನಾಗಿ ಕುಲುಕಿ ಇನ್ನೊಂದು ಸುತ್ತು ಮಾಡಿದೆವು. ಬರೀ ಬೆರೆತದ್ದೇ ಕಾರಣ ಆಗಿದ್ದರೆ ಈಗ ಎರಡೂ ಒಂದೇ ಅನ್ನಿಸಬೇಕಿತ್ತು. ಅಕ್ಕ ಆಗಲೂ 5 ಸಲ ಹಿಡಿದಳು. ಏನು ವ್ಯತ್ಯಾಸ ಅಂತ ಕೇಳಿದೆ. ಎರಡು ಪಟ್ಟಿಯನ್ನೂ ಮತ್ತೆ ಮೂಸಿ ಹೇಳಿದಳು: "ಹೊಸದು ಚುಚ್ಚುತ್ತೆ ಕಣೋ. ಹಳೇದು ಚುಚ್ಚಲ್ಲ. ಆದ್ರೆ ಹಳೇದ್ರಲ್ಲಿ ವೆನಿಲಾ ಇಳಿದೋಗಿದೆ. ಬೆಣ್ಣೆ ಜಾಸ್ತಿ ಆಗಿದೆ."

ಈ ಮೂರು ಮಾತನ್ನು ನಾನು ಅಲ್ಲೇ ಬರೆದುಕೊಂಡೆ. ಚುಚ್ಚದಿರುವುದು ಸರಿ, ಆಲ್ಕೋಹಾಲ್ ಹೋಗಿದೆ. ವೆನಿಲಾ ಇಳಿದದ್ದು ಯಾಕೆ? ಬೆಣ್ಣೆ ಏರಿದ್ದು ಎಲ್ಲಿಂದ?

ವೆನಿಲಾ ಎಲ್ಲಿ ಹೋಯಿತು, ಬೆಣ್ಣೆ ಎಲ್ಲಿಂದ ಬಂತು

ವೆನಿಲಾಕ್ಕೆ ಪರಿಮಳ ಕೊಡುವ ವೆನಿಲಿನ್ ಆಲ್ಡಿಹೈಡ್ ಅನ್ನುವ ರಾಸಾಯನಿಕ ಕುಲದ್ದು. ಬಾದಾಮಿ ಎಸೆನ್ಸಿನ ಬೆಂಜಾಲ್ಡಿಹೈಡ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್ ಕೂಡ ಅದೇ ಕುಲ. ಇವು ಪ್ರೊಪಿಲೀನ್ ಗ್ಲೈಕಾಲಿನಲ್ಲಿ ಸುಮ್ಮನೆ ಕೂರುವುದಿಲ್ಲ. ಅದರ ಜೊತೆ ಸೇರಿ ಅಸಿಟಾಲ್ ಅನ್ನುವ ಹೊಸ ವಸ್ತುವಾಗುತ್ತವೆ. ಬಿಸಿ ಮಾಡಬೇಕಾಗಿಲ್ಲ, ಬಾಟಲಿಯಲ್ಲಿ ಇಟ್ಟರೇ ಸಾಕು. ಅಮೆರಿಕದ ಯೇಲ್ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳ ಸಂಶೋಧಕರು 2018ರಲ್ಲಿ ಇದನ್ನು ಅಳೆದು ತೋರಿಸಿದರು. ಕೆಲವು ಪರಿಮಳಗಳಲ್ಲಿ ಆಲ್ಡಿಹೈಡಿನ 40%ರಷ್ಟು ಹೀಗೆ ಬದಲಾಗಿತ್ತು. ಹೊಗೆ, ಖಾರ ತಗುಲಿದಾಗ ಉರಿ ಅಂತ ಮೆದುಳಿಗೆ ಸುದ್ದಿ ಕಳಿಸುವ ನರದ ತುದಿಗಳಿವೆಯಲ್ಲ, ಅವನ್ನು ಈ ಅಸಿಟಾಲ್‌ಗಳು ಕೆರಳಿಸುತ್ತವೆ ಅಂತಲೂ ಅವರು ಕಂಡರು.

ಅಂದರೆ ಹುಡುಗ ಹದ ಬಂತು ಅಂದುಕೊಂಡ ಕಾಲದಲ್ಲಿ ಪರಿಮಳ ಖರ್ಚಾಗುತ್ತಿತ್ತು. ಮೂಗಿಗೆ ನಯವಾಯಿತು. ಶ್ವಾಸಕೋಶಕ್ಕೆ ಹೋಗುವುದು ಬೇರೆ ವಸ್ತು.

ಬೆಣ್ಣೆಯ ವಿಷಯ ಇನ್ನೂ ದೊಡ್ಡದು. ಬೆಣ್ಣೆಯ ಘಮಕ್ಕೆ ಮುಖ್ಯ ಕಾರಣ ಡೈಅಸಿಟೈಲ್ ಅನ್ನುವ ಸಣ್ಣ ಅಣು. ತಿಂದರೆ ತೊಂದರೆಯಿಲ್ಲ, ಉಸಿರಾಡಿದರೆ ಕಥೆ ಬೇರೆ. 2000ರಲ್ಲಿ ಅಮೆರಿಕದ ಮಿಸ್ಸೋರಿ ರಾಜ್ಯದ ಒಂದು ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ 8 ಜನರಿಗೆ ಶ್ವಾಸಕೋಶದ ಸಣ್ಣ ನಾಳಗಳು ಗಾಯವಾಗಿ ಮುಚ್ಚಿಹೋಗುವ ರೋಗ ಇರುವುದು ಗೊತ್ತಾಯಿತು. ಅವರು ಪಾಪ್‌ಕಾರ್ನ್ ತಿಂದು ಕೆಟ್ಟವರಲ್ಲ. ಬೆಣ್ಣೆ ಪರಿಮಳದ ಆವಿಯಲ್ಲಿ ದಿನವಿಡೀ ಉಸಿರಾಡಿದವರು. ಆಮೇಲೆ 2015ರಲ್ಲಿ ಹಾರ್ವರ್ಡ್‌ನವರು 51 ಬಗೆಯ ಪರಿಮಳದ ಇ-ಸಿಗರೇಟುಗಳನ್ನು ಪರೀಕ್ಷಿಸಿದಾಗ 39ರಲ್ಲಿ ಡೈಅಸಿಟೈಲ್ ಸಿಕ್ಕಿತು. ಬ್ರಿಟನ್ನಿನಲ್ಲಿ ಇದನ್ನು ವೇಪ್ ಲಿಕ್ವಿಡ್ಡಿಗೆ ಹಾಕುವಂತಿಲ್ಲ.

ಎಷ್ಟೋ ತಯಾರಕರು ಡೈಅಸಿಟೈಲ್ ಬಿಟ್ಟು ಅದರ ಬದಲು ಅಸಿಟೋಯಿನ್ ಹಾಕುತ್ತಾರೆ. ಅದಕ್ಕೂ ಬೆಣ್ಣೆಯ ಘಮ ಇದೆ. ಆದರೆ ಗಾಳಿ ತಾಗಿ ಎರಡು ಹೈಡ್ರೋಜನ್ ಕಳೆದುಕೊಂಡರೆ ಅಸಿಟೋಯಿನ್ ಡೈಅಸಿಟೈಲ್ ಆಗುತ್ತದೆ. ಬಾಟಲಿಯಲ್ಲಿ ಇಟ್ಟಿದ್ದಾಗಲೇ ಇದು ನಡೆಯುತ್ತದೆ, ನಿಕೋಟಿನ್ ಇದ್ದರೆ ಇನ್ನೂ ಬೇಗ ಅಂತ 2019ರ ಒಂದು ಸಂಶೋಧನೆ ತೋರಿಸಿದೆ. ನಿಕೋಟಿನ್ ಕ್ಷಾರ, ಅದು ಈ ಬದಲಾವಣೆಗೆ ನೂಕುತ್ತದೆ. ಮುಚ್ಚಳ ಸಡಿಲ ಬಿಟ್ಟು, ಮಾರ್ಚ್ ಬಿಸಿಲಿಗೆ ಕಾದ ತಾರಸಿಯ ಕೆಳಗಿನ ಗೂಡಿನಲ್ಲಿ, ಆರು ವಾರ. ಹುಡುಗ ಬೇಕಾದ್ದನ್ನೆಲ್ಲ ಒದಗಿಸಿದ್ದ. ಮೂಗು ಅಳತೆಯ ಯಂತ್ರ ಅಲ್ಲ ಅಂತ ನನಗೆ ಗೊತ್ತು. ಆದರೂ ಅಕ್ಕ "ಬೆಣ್ಣೆ ಜಾಸ್ತಿ ಆಗಿದೆ" ಅಂದಾಗ ನನ್ನ ಕೈ ತಣ್ಣಗಾಯಿತು.

ಉಪ್ಪಿನಕಾಯಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಜಾಡಿಯಲ್ಲಿ ಏನೇ ಹೊಸದು ಹುಟ್ಟಿದರೂ ಅದು ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಯಲ್ಲಿ ಆಮ್ಲ ಇದೆ, ಆಮೇಲೆ ಲಿವರ್ ಇದೆ. ಅಲ್ಲಿ ಒಡೆದು, ಸೋಸಿ, ಹೊರಗೆ ಹಾಕುವ ವ್ಯವಸ್ಥೆ ಇದೆ. ಉಸಿರಿನ ದಾರಿಯಲ್ಲಿ ಅಂಥ ಕಾವಲಿಲ್ಲ. ಗಾಳಿಚೀಲದ ಗೋಡೆ ದಾಟಿದರೆ ಸೀದಾ ರಕ್ತ. ಎಸೆನ್ಸ್ ಬಾಟಲಿಯ ಮೇಲೆ ಆಹಾರಕ್ಕೆ ಯೋಗ್ಯ ಅಂತ ಬರೆದಿರುವುದು ಕೇಕಿಗೆ ಮಾತ್ರ ಸರಿ.

ಹುಡುಗನ ಎಸೆನ್ಸುಗಳಲ್ಲಿ ಒಂದು ನಿಂಬೆಯದು, ಎಣ್ಣೆಯಲ್ಲಿ ಮಾಡಿದ್ದು. ಆ ಬಾಟಲಿಯಲ್ಲಿ ಸಾರಿನ ಮೇಲಿನ ಒಗ್ಗರಣೆಯ ಹಾಗೆ ಹನಿಗಳು ತೇಲುತ್ತಿದ್ದವು. "ಎಷ್ಟು ದಿನ ಇಟ್ಟರೂ ಇದೊಂದು ಸೇರ್ತಾನೇ ಇಲ್ಲ ಮಾವ" ಅಂದ. ಸೇರುವುದೂ ಇಲ್ಲ, ಎಣ್ಣೆ ಗ್ಲಿಸರಿನ್‌ನಲ್ಲಿ ಕರಗುವುದಿಲ್ಲ. ಶ್ವಾಸಕೋಶಕ್ಕೆ ಎಣ್ಣೆ ಹೋದರೆ ಆಗುವ ನ್ಯುಮೋನಿಯಾವೇ ಬೇರೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರು ಸಾಲುಸಾಲಾಗಿ ಆಸ್ಪತ್ರೆ ಸೇರಿದ್ದರು. 2020ರ ಫೆಬ್ರವರಿ ಹೊತ್ತಿಗೆ 2,807 ಜನ, 68 ಸಾವು. ಹೆಚ್ಚಿನವರು ಎಳೆದದ್ದು ಗಾಂಜಾದ ಅಂಶವಿದ್ದ ಲಿಕ್ವಿಡ್, ಅದನ್ನು ಮಂದ ಮಾಡಲು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆಯೇ ಮುಖ್ಯ ಕಾರಣ ಅಂತ ತಿಳಿಯಿತು. ಹುಡುಗನ ನಿಂಬೆ ಬಾಟಲಿಯಲ್ಲಿ ಇದ್ದದ್ದು ಆ ಎಣ್ಣೆಯಲ್ಲ. ಆದರೂ ಅದನ್ನು ಅವತ್ತೇ ಬೇರೆ ಇಟ್ಟೆ.

ಚಹಾದ ಬಣ್ಣ

ನಿಕೋಟಿನ್ ಹಾಕಿದ 9 ಬಾಟಲಿಗಳನ್ನು ತಾರೀಕಿನ ಪ್ರಕಾರ ಬಿಳಿ ಹಾಳೆಯ ಮುಂದೆ ಸಾಲಾಗಿ ನಿಲ್ಲಿಸಿದೆ. ಮಾರ್ಚಿನದು ನೀರಿನ ಹಾಗೆ. ಫೆಬ್ರವರಿಯದು ಒಣಹುಲ್ಲಿನ ಬಣ್ಣ. ಡಿಸೆಂಬರಿನದು ಹಾಲಿಲ್ಲದ ಚಹಾ. ಹುಡುಗನ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು. "ನೋಡಿ ಮಾವ, ಬಣ್ಣ ಹೇಗೆ ಕೂತಿದೆ. ಡಿಸೆಂಬರಿನದೇ ಎಲ್ಲಕ್ಕಿಂತ ಸ್ಮೂತ್."

ಸ್ವಲ್ಪ ಬಣ್ಣ ವೆನಿಲಿನ್‌ನದು. ಉಳಿದದ್ದು ನಿಕೋಟಿನ್ ಗಾಳಿ, ಬೆಳಕು, ಬಿಸಿ ತಾಗಿ ಕೆಟ್ಟದ್ದು. ಶುದ್ಧ ನಿಕೋಟಿನ್‌ಗೆ ಬಣ್ಣವೇ ಇಲ್ಲ. ಆಕ್ಸಿಜನ್ ತಾಗಿದಂತೆ ಹಳದಿ, ಆಮೇಲೆ ಕಂದು. ಒಳಗೆ ಕೋಟಿನಿನ್, ನಿಕೋಟಿನ್ ಆಕ್ಸೈಡ್‌ನಂಥವು ಹುಟ್ಟಿಕೊಳ್ಳುತ್ತವೆ. ನಿಕೋಟಿನ್ ಕಮ್ಮಿಯಾದರೆ ಗಂಟಲಿಗೆ ಹೊಡೆತವೂ ಕಮ್ಮಿ. ಅವನಿಗೆ ಅದು ಸ್ಮೂತ್ ಅನ್ನಿಸಿದೆ. ತೃಪ್ತಿ ಸಾಲದೆ ಜಾಸ್ತಿ ಎಳೆದಿದ್ದಾನೆ. ಡಿಸೆಂಬರಿನ ಬಾಟಲಿ ಬೇರೆಯವಕ್ಕಿಂತ ಬೇಗ ಖಾಲಿಯಾಗುತ್ತಿತ್ತು ಅಂತ ಅವನೇ ಆಮೇಲೆ ಹೇಳಿದ.

ಇನ್ನೊಂದು ವಿಷಯ ಮಾತಾಡುತ್ತಾ ಹೊರಗೆ ಬಂತು. ಒಂದು ಬಾಟಲಿ ಮಾಗಲು ಇಟ್ಟಾಗ ಅವನು ಬೇರೆ ಪರಿಮಳ ಎಳೆಯುತ್ತಿದ್ದ. ಒಂದೇ ವಾಸನೆ ಮೂಗಿಗೆ ಬೀಳುತ್ತಿದ್ದರೆ ಮೂಗು ಅದನ್ನು ಗಮನಿಸುವುದು ಬಿಡುತ್ತದೆ. ಊದಿನಕಡ್ಡಿ ಅಂಗಡಿಯವರಿಗೆ ಊದಿನಕಡ್ಡಿ ವಾಸನೆ ಬರುತ್ತಾ? ಮೂರು ವಾರ ಬಿಟ್ಟು ಹಳೇ ಬಾಟಲಿ ತೆರೆದಾಗ ಪರಿಮಳ ಜೋರಾಗಿ ಬರುವುದಕ್ಕೆ ಅರ್ಧ ಕಾರಣ ಇದೇ. ಬಾಟಲಿಯಲ್ಲಿ ಅಲ್ಲ, ಮಾಗಿದ್ದು ಮೂಗಿನಲ್ಲಿ. ಮಾವಿನದರಲ್ಲಿ 6ಕ್ಕೆ 2 ಬಂದದ್ದು ಅವನಿಗೆ ಆಗ ಅರ್ಥವಾಯಿತು.

ಮಗುವಿನ ಕೈಯಲ್ಲಿದ್ದ ಬಾಟಲಿ

ಇದನ್ನು ಮೊದಲೇ ಬರೆಯಬೇಕಿತ್ತೇನೋ. ಬರೆಯಲು ಕೂತಾಗೆಲ್ಲ ಮುಂದಕ್ಕೆ ತಳ್ಳುತ್ತಾ ಬಂದೆ.

ಮೊಮ್ಮಗಳು ಹಿಡಿದಿದ್ದದ್ದು ನಿಕೋಟಿನ್ ಇದ್ದ ಬಾಟಲಿ. ಉಸಿರಾಡಲಿ ಅಂತ ಹುಡುಗ ಅದರ ಮುಚ್ಚಳವನ್ನು ಬೇಕಂತಲೇ ಸಡಿಲ ಬಿಟ್ಟಿದ್ದ. ಇಂಗ್ಲೆಂಡಿನ ಕಾನೂನಿನ ಲೆಕ್ಕದಲ್ಲೇ ಆದರೂ 10 ಮಿಲಿಯಲ್ಲಿ 200 ಮಿಲಿಗ್ರಾಂ ನಿಕೋಟಿನ್ ಇರಬಹುದು. ಇದರಲ್ಲಿ ಎಷ್ಟಿತ್ತೋ ಚೀಟಿಯೇ ಇರಲಿಲ್ಲ. ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ. 2014ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ಇಂಥ ಲಿಕ್ವಿಡ್ ಕುಡಿದು ಸತ್ತಿತು. ಅದಾದ ಮೇಲೆ 2016ರ ಜನವರಿಯಲ್ಲಿ ಅಲ್ಲಿ ಮಕ್ಕಳು ತೆಗೆಯಲಾಗದ ಮುಚ್ಚಳದ ಕಾನೂನು ಬಂತು.

ಅಕ್ಕ ಬಾಟಲಿ ಕಿತ್ತುಕೊಂಡು, ಮಗುವಿನ ಕೈಯನ್ನು ಸೋಪು ಹಾಕಿ ತೊಳೆದಿದ್ದಳು. ಒಳ್ಳೇದಾಯಿತು. ಮಗು ಬಾಯಿಗೆ ಹಾಕಿರಲಿಲ್ಲ. ವಾಂತಿ, ಜೊಲ್ಲು, ಬೆವರು, ಮಂಕು ಏನಾದರೂ ಕಂಡರೆ ತಕ್ಷಣ ಆಸ್ಪತ್ರೆ ಅಂತ ಸಂಜೆಯವರೆಗೂ ಪಕ್ಕದಲ್ಲೇ ಕೂತಿದ್ದೆವು. ಏನೂ ಆಗಲಿಲ್ಲ. ಹುಡುಗ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ನಾನು ಹೇಳಿದ ಕೆಮಿಸ್ಟ್ರಿಗಿಂತ, ಸೋಫಾದ ಮೇಲೆ ಗೊಂಬೆ ಹಿಡಿದು ಮಲಗಿದ್ದ ಆ ಮಗುವನ್ನು ನೋಡುತ್ತಾ ಕೂತದ್ದೇ ಅವನ ಮನಸ್ಸಿಗೆ ನಾಟಿತು.

ಆಮೇಲೆ

ಬಾಟಲಿಗಳನ್ನು ಸಿಂಕಿಗೆ ಸುರಿಯಲಿಲ್ಲ. ರಬ್ಬರ್ ಗ್ಲೌಸ್ ಹಾಕಿಕೊಂಡು, ಮರದ ಹೊಟ್ಟಿನ ಮೇಲೆ ಸುರಿದು ಹೀರಿಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಪಾಯಕಾರಿ ಕಸ ಅಂತ ಬರೆದು ಬೇರೆಯಾಗಿ ಕೊಟ್ಟೆವು. ಸಾಧನದ ಲಿಥಿಯಂ ಬ್ಯಾಟರಿ ಇ-ತ್ಯಾಜ್ಯಕ್ಕೆ ಹೋಯಿತು.

ಹುಡುಗನಿಗೆ ಜನವರಿಯಿಂದ ಒಣ ಕೆಮ್ಮು ಇತ್ತು. ಬಿ.ಎಚ್. ರಸ್ತೆಯ ಧೂಳು ಅಂತ ಹೇಳಿಕೊಂಡು ಬಂದಿದ್ದ. ಎದೆರೋಗದ ಡಾಕ್ಟರಿಗೆ ಎಲ್ಲವನ್ನೂ ಮುಚ್ಚಿಡದೆ ಹೇಳಿದ. ಊದಿಸಿ ನೋಡುವ ಪರೀಕ್ಷೆಯಲ್ಲಿ ಉಸಿರಿನ ಬಲ ಸರಿಯಿತ್ತು. ಬಿಟ್ಟ ಐದನೇ ವಾರಕ್ಕೆ ಕೆಮ್ಮು ನಿಂತಿತು.

ಬಿಡುವುದು ಸುಲಭ ಆಗಲಿಲ್ಲ. ಮೊದಲ ಮೂರು ದಿನ ಸಿಡಿಮಿಡಿ, ನಿದ್ದೆ ಇಲ್ಲ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿಗೆ ಫೋನ್ ಮಾಡಿದ. ನಂಬರ್ 1800-11-2356, ದುಡ್ಡು ಬೀಳುವುದಿಲ್ಲ. ಡಾಕ್ಟರ್ ಮೆಡಿಕಲ್ ಶಾಪಿನಲ್ಲಿ ಕಾನೂನುಬದ್ಧವಾಗಿ ಸಿಗುವ 2 ಮಿಲಿಗ್ರಾಂ ನಿಕೋಟಿನ್ ಗಮ್ ಬರೆದುಕೊಟ್ಟರು. ಅದನ್ನು ಚೂಯಿಂಗ್ ಗಮ್ ತರ ಜಗಿಯಬಾರದು. ನಿಧಾನಕ್ಕೆ ಕೆಲವು ಸಲ ಕಚ್ಚಿ ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು. ಮೊದಮೊದಲು ದಿನಕ್ಕೆ 8 ಬೇಕಾಗುತ್ತಿತ್ತು. ಮೇ ತಿಂಗಳಲ್ಲಿ ಗುಬ್ಬಿಯಲ್ಲಿ ಗೆಳೆಯನ ಮದುವೆಗೆ ಹೋದವನು ಎರಡು ಸಿಗರೇಟು ಸೇದಿದ. ಮನೆಗೆ ಬಂದು ಅವನೇ ಹೇಳಿದ. ಅಕ್ಕ ಏನೂ ಅನ್ನಲಿಲ್ಲ, ತಟ್ಟೆ ಹಾಕಿ ಊಟಕ್ಕೆ ಕರೆದಳು. ಅಲ್ಲಿಂದ ಇಲ್ಲಿಯವರೆಗೆ ಸೇದಿಲ್ಲ. ಈಗ ಗಮ್ ದಿನಕ್ಕೆ 2.

ಹೋದ ಭಾನುವಾರ ಹೋದಾಗ ಅಕ್ಕ ಗೊಜ್ಜಿಗೆ ಹುಣಸೆಹಣ್ಣು ತೆಗೆಯುತ್ತಿದ್ದಳು. ಈ ವರ್ಷದ ಕೆಂಪು ಹುಣಸೆ ಒಂದು ಡಬ್ಬಿ, ಹೋದ ವರ್ಷದ ಕಪ್ಪು ಹುಣಸೆ ಒಂದು ಜಾಡಿ. ಹುಡುಗ ಕಣ್ಣು ಮುಚ್ಚಿಕೊಂಡು ಕೂತ. ಮೂರು ಲೋಟದಲ್ಲಿ ಚೂರು ಚೂರು ಹಾಕಿ ನಾನೇ ಮೂಸಲು ಕೊಟ್ಟೆ, ಆರು ಸುತ್ತು. 6ಕ್ಕೆ 6 ಹಿಡಿದ. ಅಕ್ಕ ಹಳೇದನ್ನು ನೀರಿಗೆ ಹಾಕಿ ನೆನೆಯಲು ಇಟ್ಟಳು.